ಕಲ್ಲು ಹೇಳುವ ಚಿತ್ರಕಥೆ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಕಡೆಯ ಹಳ್ಳಿಗಳಲ್ಲಿ ಅಗಸಿಯ ಮಗ್ಗುಲಿಗೋ ಹನುಮಂತದೇವರ ಗುಡಿಯ ಮುಂದೋ ಒಂದು ವೀರಗಲ್ಲು ನಿಂತಿರುವುದು ಅಪರೂಪವಲ್ಲ. ಅದನ್ನು ಕಂಡಾಗಲೆಲ್ಲ ನನಗೆ ಅನಿಸುವುದಿದು: ಚಿತ್ರಕಥೆಯೆಂಬುದು ನಮಗೆ ಹೊರಗಿನಿಂದ ಬಂದ ಹೊಸ ವಸ್ತುವೇನೂ ಅಲ್ಲ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂಕಣಗಳು. ಕೆಳಗಿನದರಲ್ಲಿ ಕಾಳಗ, ತುರುಗಳನ್ನು ಬಿಡಿಸಲು ಹೋಗಿ ಮಡಿದವನಾದರೆ ಎಷ್ಟೋ ವೇಳೆ ಆಕಳುಗಳೂ ಅಲ್ಲಿರುತ್ತವೆ. ನಡುವೆ, ವೀರನನ್ನು ಅಪ್ಸರೆಯರು ಸ್ವರ್ಗಕ್ಕೆ ಕರೆದೊಯ್ಯುವ ನೋಟ. ಮೇಲೆ, ಅವನು ಲಿಂಗದ ಸನ್ನಿಧಿಯಲ್ಲಿಯೋ ಜಿನನ ಸನ್ನಿಧಿಯಲ್ಲಿಯೋ ಇರುತ್ತಾನೆ. ಅಂಕಣಗಳ ನಡುವಣ ಪಟ್ಟಿಯಲ್ಲಿ ಹಲವೊಮ್ಮೆ ಬರಹವುಂಟು: ಯಾವ ಅರಸನ ಕಾಲ, ಯಾವ ಊರು, ಮಡಿದವನಾರು. ಓದಬಲ್ಲವನಿಗೆ ಅಕ್ಷರ, ಓದಬಾರದವನಿಗೆ ಚಿತ್ರ; ಕಲ್ಲು ಇಬ್ಬರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ.

ಈ ಬರಹಗಳನ್ನು ವಿದ್ವಾಂಸರು ಶ್ರಮದಿಂದ ಓದಿದರು. 1914ರಲ್ಲಿ ಆಲೂರ ವೆಂಕಟರಾಯರು ಧಾರವಾಡದಲ್ಲಿ ಇತಿಹಾಸ ಮಂಡಳವನ್ನು ಕಟ್ಟಿದರು. 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿತು. 1982ರಲ್ಲಿ ಷ. ಶೆಟ್ಟರ್ ಹಾಗೂ ಸೊಂತೈಮರ್ ಅವರು ಸ್ಮಾರಕಶಿಲೆಗಳ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವನ್ನೇ ಸಂಪಾದಿಸಿದರು. ಆದರೆ ಕಲ್ಲಿನ ಮಾತು ಸಂಪುಟಗಳನ್ನು ಸೇರಿತೇ ಹೊರತು ಊರಿಗೆ ಮರಳಿದ್ದು ಕಡಿಮೆ. ಆದುದರಿಂದಲೇ ಎಷ್ಟೋ ವೀರಗಲ್ಲುಗಳು ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ, ಪಾವಟಿಗೆಯಾಗಿವೆ. ತನ್ನೂರ ಕಲ್ಲು ಏನು ಹೇಳುತ್ತದೆಂದು ತಿಳಿಯದವನನ್ನು ದೂರಿ ಫಲವೇನು?

ಸಂಶೋಧನೆಯನ್ನು ಚಿತ್ರಗಳಲ್ಲಿ ಹೇಳಿದರೆ ಅದರ ಘನತೆ ಕುಂದುವುದೆಂಬ ಅಂಜಿಕೆ ಇನ್ನು ಬೇಡ. ಅಮೆರಿಕದ ನಿಕ್ ಸೂಸಾನಿಸ್ ಎಂಬವರು ತಮ್ಮ ಡಾಕ್ಟರೇಟ್ ಪ್ರಬಂಧವನ್ನೇ ಚಿತ್ರಕಥೆಯಾಗಿ ಬರೆದರು. 2015ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಅದನ್ನು ಪ್ರಕಟಿಸಿತು. ನಮ್ಮಲ್ಲಿಯೂ ಕಾರ್ಕಳದ ಅನಂತ ಪೈಗಳು 1967ರಿಂದ ನಡೆಸಿದ ಅಮರ ಚಿತ್ರಕಥೆಯಿಂದಲೇ ಪುರಾಣ, ಇತಿಹಾಸಗಳನ್ನು ಮೊದಲು ಅರಿತ ಮಕ್ಕಳು ಎಷ್ಟು ಮಂದಿ!

ಆದರೂ ಒಂದು ಅಪಾಯವುಂಟು. ಮಾತಿಗೆ ‘ಬಹುಶಃ’ ಎನ್ನಲು ಬರುತ್ತದೆ, ಚಿತ್ರಕ್ಕೆ ಬಾರದು. ಅಣ್ಣಿಗೇರಿಯದೇ ಉದಾಹರಣೆ. ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಬರೆಯಿಸಿದ ಶಾಸನದಿಂದ, ಅವರ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿಯಿತು. ತಂದೆಯ ಕಡೆಯ ಹಿರಿಯರು ವೆಂಗಿ ನಾಡಿನವರು. ಪಂಪ ಹುಟ್ಟಿದ್ದು ಅಣ್ಣಿಗೇರಿಯಲ್ಲಿಯೇ ಎಂದು ಶಾಸನ ಹೇಳಿಲ್ಲ, ಅದು ಊಹೆ. ಚಿತ್ರಕಾರನು ಅಣ್ಣಿಗೇರಿಯ ಮನೆಯೊಂದರಲ್ಲಿ, ಕಲಘಟಗಿಯ ಬಣ್ಣದ ತೊಟ್ಟಿಲಿನಂಥದೊಂದನ್ನು ತೂಗುಹಾಕಿ, ಅದರಲ್ಲಿ ಕೂಸನ್ನು ಮಲಗಿಸಿ ಬಿಟ್ಟನೆನ್ನಿ: ಒಂದೇ ತಲೆಮಾರಿನಲ್ಲಿ ಊಹೆಯೇ ಇತಿಹಾಸವಾಗಿ ಬಿಡುತ್ತದೆ!

ಇದಕ್ಕೆ ಮದ್ದು ವೀರಗಲ್ಲಿನಲ್ಲಿಯೇ ಇದೆ. ಅಲ್ಲಿ ಚಿತ್ರದ ಕೆಲಸ ಚಿತ್ರಕ್ಕೆ, ಅಕ್ಷರದ ಕೆಲಸ ಅಕ್ಷರಕ್ಕೆ. ಹಾಗೆಯೇ ಮೊದಲ ಅಂಕಣದಲ್ಲಿ ಕುರಿಕ್ಯಾಲದ ಬಂಡೆಯನ್ನು ಬರೆಯಲಿ, ಎರಡನೆಯದರಲ್ಲಿ ಅದನ್ನು ಓದುವ ವಿದ್ವಾಂಸನನ್ನು, ಮೂರನೆಯದರಲ್ಲಿ ಸಿಂಘನಿಂದ ಪಂಪನವರೆಗಿನ ವಂಶವೃಕ್ಷವನ್ನು. ‘ಹುಟ್ಟೂರು ಇದೇ ಎಂದು ಶಾಸನ ಹೇಳಿಲ್ಲ’ ಎಂಬ ಸಾಲು ಪಟ್ಟಿಯಲ್ಲಿರಲಿ. ತೀರ್ಮಾನದ ಜೊತೆಗೆ ಅದಕ್ಕೆ ಬಂದ ದಾರಿಯನ್ನೂ ತೋರಿಸಿದರೆ ಚಿತ್ರ ಸುಳ್ಳಾಡುವುದಿಲ್ಲ.

ಇಂಥ ಹಾಳೆಯೊಂದು ಆಯಾ ಊರಿನ ಶಾಲೆಯ ಗೋಡೆಯ ಮೇಲೆ, ಆ ಊರಿನ ಕಲ್ಲನ್ನೇ ಕುರಿತು, ತೂಗಬೇಕು. ತಮ್ಮೂರ ಆಕಳುಗಳಿಗಾಗಿ ಮಡಿದವನ ಹೆಸರನ್ನು ಓದಿ ಬಲ್ಲ ಮಕ್ಕಳು ಆ ಕಲ್ಲಿನ ಮೇಲೆ ಬಟ್ಟೆ ಒಗೆಯಲು ಬಿಡಲಾರರೆಂದು ನನ್ನ ನಂಬಿಕೆ.