ಊರಿಗೆ ಮತ್ತೊಂದು ಸರ್ವೆ ಬರುವ ಮೊದಲು

ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಗೆ ಸರ್ವೆ ಹೊಸದಲ್ಲ. ಹೊಲ ಎಷ್ಟದ, ಎತ್ತು ಎಷ್ಟದಾವ, ಗುಳೆ ಹೋಗ್ತೀರೇನು ಎಂದು ಕೇಳಿ ಬರೆದುಕೊಂಡು ಹೋಗುತ್ತಾರೆ. ಆಮೇಲೆ ಅದು ಏನಾಯಿತೆಂದು ಊರಿಗೆ ತಿಳಿಯುವುದು ಅಪರೂಪ.

ನಮ್ಮ ಭಾಗದ ಬಗ್ಗೆ ಹೆಚ್ಚು ಹೆಸರಾದದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ. 2000ರಲ್ಲಿ ನೇಮಕವಾದ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳನ್ನು 35 ಸೂಚ್ಯಂಕಗಳಲ್ಲಿ ಅಳೆದು, 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ದೇವದುರ್ಗ ಪಟ್ಟಿಯ ತಳದಲ್ಲಿತ್ತು. 2012ರಲ್ಲಿ 371(ಜೆ) ತಿದ್ದುಪಡಿಗೆ ಸಂಸತ್ತು ಒಪ್ಪಿತು. 2018ರಲ್ಲಿ ಕೇಂದ್ರದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಗೆ ಕರ್ನಾಟಕದಿಂದ ಸೇರಿದ್ದು ರಾಯಚೂರು, ಯಾದಗಿರಿ ಎರಡೇ.

ಆದರೆ ತಾಲ್ಲೂಕಿನ ಸರಾಸರಿಯಲ್ಲಿ ಊರು ಕಾಣುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ನೋಡಿ. ಸ್ವಲ್ಪ ನೀರನ್ನು ಹೆಚ್ಚು ಹೊಲಗಳಿಗೆ ಹಂಚಿ, ಜೋಳ, ಹತ್ತಿಯಂಥ ಬೆಳೆ ಉಳಿಸುವುದು ಮೂಲ ಯೋಜನೆ. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಮಾನ್ವಿ, ರಾಯಚೂರಿನ ಕೊನೆ ಭಾಗಕ್ಕೆ ನೀರು ಕೊರತೆಯಾಯಿತು. ಈ ಕಾಲುವೆಯ ನೀರಿನ ಜಗಳವನ್ನು ಪೀಟರ್ ಮೊಲಿಂಗಾ ಎಂಬ ವಿದ್ವಾಂಸರು ಹೊಲಕ್ಕೇ ಬಂದು ಅಭ್ಯಾಸ ಮಾಡಿದರು. ಆ ಪುಸ್ತಕ 2003ರಲ್ಲಿ ಬಂತು. ನಂಜುಂಡಪ್ಪ ವರದಿಯನ್ನೂ ಈ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟರೆ, ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುತ್ತದೆ.

ಹೀಗೆ ಇರುವುದನ್ನೆಲ್ಲ ಒಂದೆಡೆ ಹಾಸಿ ನೋಡುವ ಕ್ರಮಕ್ಕೆ ಸ್ಕೋಪಿಂಗ್ ರಿವ್ಯೂ ಎನ್ನುತ್ತಾರೆ. 2005ರಲ್ಲಿ ಇಂಗ್ಲೆಂಡಿನ ಹಿಲರಿ ಆರ್ಕ್ಸಿ, ಲೀಸಾ ಓಮ್ಯಾಲಿ ಇದಕ್ಕೆ ಐದು ಹೆಜ್ಜೆ ಬರೆದರು. ಪ್ರಶ್ನೆ ಗಟ್ಟಿ ಮಾಡಿಕೊಳ್ಳುವುದು, ಸಂಬಂಧಪಟ್ಟ ಅಧ್ಯಯನ ಹುಡುಕುವುದು, ಬೇಕಾದ್ದನ್ನು ಆರಿಸುವುದು, ಯಾರು, ಎಲ್ಲಿ, ಯಾವಾಗ, ಏನು ನೋಡಿದರು ಎಂದು ಪಟ್ಟಿ ಮಾಡುವುದು, ಕೊನೆಗೆ ಒಟ್ಟು ಚಿತ್ರ ಹೇಳುವುದು. ಯಾವ ಅಧ್ಯಯನ ಎಷ್ಟು ಗಟ್ಟಿ ಎಂದು ತೂಗುವುದು ಇದರ ಮುಖ್ಯ ಕೆಲಸವಲ್ಲ. ಎಲ್ಲಿ ಕೆಲಸ ಆಗಿದೆ, ಎಲ್ಲಿ ಖಾಲಿ ಬಿದ್ದಿದೆ ಎಂದು ತೋರಿಸುತ್ತದೆ.

ನಮ್ಮ ಕಡೆ ಇದನ್ನು ಮಾಡುವವರು ಒಂದು ಎಚ್ಚರ ವಹಿಸಬೇಕು. ಹಳೆಯ ವರದಿಯ ಮಾನ್ವಿ ತಾಲ್ಲೂಕಿನಲ್ಲಿ ಇಂದಿನ ಸಿರವಾರವೂ ಇದೆ. ಗಡಿ ಬದಲಾದದ್ದು ಮರೆತರೆ ಅಂಕಿ ದಾರಿ ತಪ್ಪಿಸುತ್ತದೆ.

ಆರನೇ ಹೆಜ್ಜೆಯೂ ಒಂದಿದೆ. ಬೇಕಾದರೆ ಮಾಡಬಹುದು ಎಂದು ಆ ಇಬ್ಬರು ಬಿಟ್ಟಿದ್ದಾರೆ: ಸಂಬಂಧಪಟ್ಟ ಜನರನ್ನೇ ಕೇಳುವುದು. ನಮಗೆ ಅದೇ ಮೊದಲು ಬೇಕು ಅನ್ನಿಸುತ್ತದೆ. ಕಾಲುವೆಯ ಕೊನೆಯಲ್ಲಿ ನೀರು ಯಾವ ತಿಂಗಳು ನಿಲ್ಲುತ್ತದೆ, ಯಾರ ಮನೆಯವರು ಗುಳೆ ಹೊರಡುತ್ತಾರೆ ಎಂಬುದು ಊರಿಗೆ ಗೊತ್ತು.

ಮುಂದಿನ ಸಲ ಸರ್ವೆಯವರು ಬಂದರೆ ಮೊದಲ ಪ್ರಶ್ನೆ ನಾವೇ ಕೇಳೋಣ: ಹಿಂದಿನವರು ಬರಕೊಂಡು ಹೋದದ್ದು ಓದೀರೇನ್ರಿ?