ಮೌಖಿಕ ಪರೀಕ್ಷೆಯ ಮೇಜಿನ ಮುಂದೆ

ಪರೀಕ್ಷೆಯ ಭಯವೆಂದರೆ ಓದದವನ ಭಯವೆಂದು ನಮ್ಮ ಹಿರಿಯರು ನಂಬಿದ್ದರು. ವೈದ್ಯ ವಿದ್ಯಾರ್ಥಿಗಳ ಮಟ್ಟಿಗೆ ಈ ಮಾತು ಪೂರ್ಣ ನಿಜವಲ್ಲ.

ಬಳ್ಳಾರಿಯಿಂದ ದಂಡು ಹೋದರೂ ಕಂಟೋನ್ಮೆಂಟ್ ಎಂಬ ಹೆಸರು ಹೋಗಲಿಲ್ಲ. ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ, 1930ರಲ್ಲಿ, ಕಾಮರಾಜರು ಬಂದಿಯಾಗಿದ್ದುದು ಇಲ್ಲಿಯ ಅಲ್ಲೀಪುರದ ಜೈಲಿನಲ್ಲಿ. ಆ ನೆಲವೀಗ ವೈದ್ಯಕೀಯ ಕಾಲೇಜಿನದು. 1961ರಲ್ಲಿ ಆರಂಭವಾದ ಆ ಕಾಲೇಜನ್ನು ಜನ ವಿಮ್ಸ್ ಎಂದೇ ಬಲ್ಲರು. ಸೆರೆಮನೆಯೇ ಪರೀಕ್ಷಾಮಂದಿರವಾಯಿತೆಂದು ಹುಡುಗರು ವಿನೋದ ಮಾಡಿದರೆ ಅದು ಅವರ ಹಕ್ಕು!

1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಬಳ್ಳಾರಿ ಮದರಾಸಿನ ಸೀಮೆ. ವೈದ್ಯನಾಗಬಯಸಿದವನು ಹೆಚ್ಚಾಗಿ ಮದರಾಸಿನ ರೈಲನ್ನೇ ಹತ್ತಬೇಕಾಗಿತ್ತು. ಕಾಲೇಜು ಊರಿಗೆ ಬಂದಮೇಲೆ ಆ ದೂರ ಅಳಿಯಿತು. ಅಳಿಯದೆ ಉಳಿದ ದೂರ ಇನ್ನೊಂದಿದೆ.

ನನ್ನಲ್ಲಿ ಕನ್ನಡ ಓದಿ ವೈದ್ಯಕೀಯಕ್ಕೆ ಹೋದ ಸಿರುಗುಪ್ಪ ಕಡೆಯ ಹುಡುಗನೊಬ್ಬ ಒಮ್ಮೆ ಅದನ್ನು ವಿವರಿಸಿದ. ಪ್ರಾಯೋಗಿಕ ಪರೀಕ್ಷೆಯಲ್ಲಿ ರೋಗಿಯನ್ನು ವಿಚಾರಿಸುವುದು ಕನ್ನಡದಲ್ಲಿ. ಕುರುಗೋಡಿನ ಮುದುಕಿ "ದಮ್ಮು ಹತ್ತತೈತಪ್ಪ" ಎನ್ನುತ್ತಾಳೆ. ಅದೆಲ್ಲ ಅವನಿಗೆ ಅರ್ಥವಾಗುತ್ತದೆ. ಎಷ್ಟು ಮೆಟ್ಟಲು ಹತ್ತಿದರೆ, ಮಲಗಿದಾಗ ಹೆಚ್ಚೋ ಎಂದು ಕೇಳಲೂ ಬರುತ್ತದೆ. ಹತ್ತು ಹೆಜ್ಜೆಯಾಚೆ ಪರೀಕ್ಷಕರ ಮೇಜು. ಅಲ್ಲಿ ಅದೇ ದಮ್ಮು 'ಡಿಸ್ಪ್ನಿಯಾ' ಆಗಿ, ಕ್ರಮವಾದ ಇಂಗ್ಲಿಷ್ ವಾಕ್ಯಗಳಲ್ಲಿ ಹೊರಬರಬೇಕು. "ಬರೆಯೋ ಪರೀಕ್ಷೆಗೆ ಹೆದರಲ್ಲ ಸಾರ್, ಆ ಹತ್ತು ಹೆಜ್ಜೆಗೆ ಹೆದರ್ತೀನಿ" ಎಂದ. ತಿಳಿದದ್ದು ನಾಲಿಗೆಗೆ ಬಾರದೆ ನಿಂತವನನ್ನೂ ತಿಳಿಯದವನನ್ನೂ ಮೇಜಿನಾಚೆಯಿಂದ ಬೇರ್ಪಡಿಸುವುದು ಸುಲಭವಲ್ಲ. ಮೊದಲ ವರ್ಷದ ಪರೀಕ್ಷೆಗೆ ನಿಯಮವು ಕೊಡುವುದು ನಾಲ್ಕೇ ಅವಕಾಶ.

ದೇಶಭಾಷೆಯಲ್ಲಿ ವೈದ್ಯ ಕಲಿಸುವ ಪ್ರಯತ್ನ ನಮ್ಮ ನೆರೆಯಲ್ಲಿಯೇ ನಡೆದಿತ್ತು. ಸಿರುಗುಪ್ಪದ ಹೊಳೆ ದಾಟಿದರೆ ಆಗ ನಿಜಾಮರ ರಾಜ್ಯ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ವೈದ್ಯವನ್ನೂ ಉರ್ದುವಿನಲ್ಲಿ ಬೋಧಿಸಿತು. ಆದರೆ ರಾಯಚೂರಿನ ಕನ್ನಡದ ಹುಡುಗನಿಗೆ ಉರ್ದುವೂ ಮನೆಮಾತಲ್ಲ. ಅವನಿಗೆ ಒಂದು ಪರಭಾಷೆ ಹೋಗಿ ಇನ್ನೊಂದು ಬಂದಂತಾಯಿತು, ಅಷ್ಟೆ. 2022ರಲ್ಲಿ ಮಧ್ಯಪ್ರದೇಶ ಹಿಂದಿಯ ವೈದ್ಯ ಪಠ್ಯಗಳನ್ನು ಹೊರತಂದಿತು. ಕನ್ನಡದಲ್ಲಿ ಪುಸ್ತಕ ಬರಬೇಕೆಂಬುದು ನನಗೂ ಪ್ರಿಯವೇ. ಆದರೂ ಈ ಹತ್ತು ಹೆಜ್ಜೆಗೆ ಪುಸ್ತಕಕ್ಕಿಂತ ಮೊದಲು ಬೇಕಾದುದು ಪರೀಕ್ಷಕರ ಕಿವಿಯೆಂದು ತೋರುತ್ತದೆ.

2019ರ ಪಠ್ಯಕ್ರಮವು ಮೊದಲ ತಿಂಗಳಲ್ಲಿ ಸ್ಥಳೀಯ ಭಾಷೆಯ ಪಾಠವನ್ನಿಟ್ಟಿತು; ಹೊರನಾಡಿನಿಂದ ಬಂದವರು ಕನ್ನಡ ಕಲಿತು ರೋಗಿಯೊಡನೆ ಮಾತಾಡಲೆಂದು. ಮುದುಕಿಯ 'ದಮ್ಮು' ಆ ಪಾಠದಲ್ಲಿ ವಿದ್ಯೆ. ವರ್ಷಗಳ ಮೇಲೆ, ಪರೀಕ್ಷೆಯ ಮೇಜಿನ ಮುಂದೆ, ಅದೇ ಮಾತು ಬಾಯಿಗೆ ಬಂದರೆ ಸಿರುಗುಪ್ಪದ ಹುಡುಗ ನಾಲಿಗೆ ಕಚ್ಚಿಕೊಳ್ಳುತ್ತಾನೆ.