ಒಂದು ಅಲ್ಪವಿರಾಮ, ಮಸ್ಕಿಯ ಬಂಡೆ ಮತ್ತು ನಮ್ಮ ತಾತ

ಇಲ್ಲಿ ಬರೆಯದೇ ಬಹಳ ದಿನ ಆಯ್ತು. ಕಾರಣ ಆಫೀಸು, ಮತ್ತು ಒಂದು ಅಲ್ಪವಿರಾಮ!

ಹೋದ ತಿಂಗಳು ರಾತ್ರಿ ಪಾಳಿಯವರಿಗೆ ಮೇಲ್ ಹಾಕಿದ್ದೆ: "ರೀಸ್ಟಾರ್ಟ್ ದಿ ಸರ್ವರ್ಸ್, ವಿಚ್ ಆರ್ ಹಂಗ್". ನನ್ನ ತಲೆಯಲ್ಲಿದ್ದದ್ದು "ಹ್ಯಾಂಗ್ ಆಗಿರೋ ಸರ್ವರುಗಳು", ಅಂದರೆ ಎರಡೇ. ಆದರೆ ಇಂಗ್ಲೀಷಲ್ಲಿ 'ವಿಚ್' ಹಿಂದೆ ಅಲ್ಪವಿರಾಮ ಬಿದ್ದರೆ ಎಲ್ಲವೂ ಹ್ಯಾಂಗ್ ಆಗಿವೆ ಅಂತ ಅರ್ಥ. ಹನ್ನೆರಡನ್ನೂ ಒಟ್ಟಿಗೇ ಮಲಗಿಸಿದರು. ತಪ್ಪು ನನ್ನದೇ. ಮುಂದಿನದ್ದು ಬೇಡ ಬಿಡಿ :(

ಬೇರೆ ಬೇರೆ ಮಾಡೋಕೆ 'ದಟ್', ಹೆಚ್ಚುವರಿ ಮಾಹಿತಿಗೆ 'ವಿಚ್' ಅಂತ ಹಂಚಿಕೊಂಡರೆ ಚೆನ್ನ ಎಂದು 1926ರ ತನ್ನ ಪುಸ್ತಕದಲ್ಲಿ ಸೂಚಿಸಿದವನು ಫೌಲರ್. ಒಳ್ಳೆಯ ಲೇಖಕರೂ ಹಾಗೆ ಬರೆಯೋದಿಲ್ಲ ಅಂತ ಅವನೇ ಒಪ್ಪಿಕೊಂಡಿದ್ದ.

ಕನ್ನಡದಲ್ಲಿ ಈ ತಾಪತ್ರಯವೇ ಇಲ್ಲ. ದೇವದುರ್ಗದ ನಮ್ಮಜ್ಜಿ "ನಾ ಬಂದ ಬಸ್ಸು", "ನಾ ಬಂದ ದಿನ", "ನಾ ಬಂದ ಊರು" ಅಂತಾಳೆ. ಇಂಗ್ಲೀಷಿನವನು ಇದಕ್ಕೆ ಇನ್ ವಿಚ್, ಆನ್ ವಿಚ್, ಫ್ರಮ್ ವಿಚ್ ಅಂತ ಮೂರು ಸಲ ಯೋಚಿಸಬೇಕು. ನಮಗೆ 'ಬಂದ' ಒಂದೇ ಸಾಕು, ಉಳಿದದ್ದನ್ನ ಕೇಳುವವರು ತಿಳ್ಕೋತಾರೆ. ಆದರೆ "ಬೆಂಗಳೂರಲ್ಲಿರೋ ನಮ್ಮಣ್ಣ" ಅಂದರೆ ಅಣ್ಣ ಒಬ್ಬನೋ ಮೂವರೋ ಗೊತ್ತಾಗೋದಿಲ್ಲ. ನಾನು ಜಾರಿದ್ದು ಇಲ್ಲೇ.

ಮಾನ್ವಿ ಕಡೆಯ ನಮ್ಮ ತಾತನದು ಬೇರೆ ಕಥೆ. ರಾಯಚೂರು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಕೈಲಿತ್ತಲ್ಲ, ಹೈಸ್ಕೂಲು ಓದೆಲ್ಲ ಉರ್ದುವಿನಲ್ಲಿ. ಹಾಗಾಗಿ ತಾತ ಕನ್ನಡವನ್ನೂ 'ಜೋ.. ವೋ' ಲೆಕ್ಕದಲ್ಲೇ ಆಡುತ್ತಿದ್ದ: "ಯಾವ ಎತ್ತು ಕುಂಟತೈತೋ ಆ ಎತ್ತು ಬಿಟ್ಟು ಬಾ". ಉದ್ದ ಹೌದು, ಆದರೆ ತಪ್ಪು ಎತ್ತು ಬಿಡೋ ಪ್ರಶ್ನೆಯೇ ಇಲ್ಲ! 'ಯಾವ.. ಆ' ಕನ್ನಡದಲ್ಲೂ ಇದೆ ನಿಜ, ಅದನ್ನ ಮಾತುಮಾತಿಗೂ ಬಳಸುತ್ತಿದ್ದವನು ಮಾತ್ರ ತಾತ. ನಾವು ಹುಡುಗರು ನಗುತ್ತಿದ್ದೆವು.

ಆಮೇಲೆ ತಿಳಿದದ್ದು, ಈ ಜೋಡಿ ನಮ್ಮ ಜಿಲ್ಲೆಗೆ ನಿಜಾಮರಿಗಿಂತ ಎಷ್ಟೋ ಮುಂಚೆ ಬಂದಿತ್ತು ಅಂತ. ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಅನ್ನೋ ಗಣಿ ಎಂಜಿನಿಯರಿಗೆ ಒಂದು ಶಾಸನ ಸಿಕ್ಕಿತು (ಎಂಜಿನಿಯರುಗಳೂ ಒಮ್ಮೊಮ್ಮೆ ಉಪಯೋಗಕ್ಕೆ ಬರ್ತಾರೆ). 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅಂತ ಹೆಸರಿನ ಸಮೇತ ತೋರಿಸಿಕೊಟ್ಟ ಶಾಸನ ಅದು. ಕ್ರಿ.ಪೂ. 3ನೇ ಶತಮಾನದ್ದು, ಭಾಷೆ ಪ್ರಾಕೃತ. ಹುಲ್ಟ್ಸ್ 1925ರಲ್ಲಿ ಪ್ರಕಟಿಸಿದ ಪಾಠದಲ್ಲಿ, ಮಾಸಿದ ಅಕ್ಷರಗಳ ನಡುವೆ, 'ಯೇ.. ತೇ' ಇದೆ: ಯಾವ ದೇವತೆಗಳು ಮೊದಲು ಬೆರೆತಿರಲಿಲ್ಲವೋ ಅವರು ಈಗ ಬೆರೆತಿದ್ದಾರೆ, ಅನ್ನೋ ಅರ್ಥದ ಸಾಲು. ತಾತನ ವಾಕ್ಯದ್ದೇ ಅಚ್ಚು!

ತಾತ ತೀರಿಕೊಂಡು ಆರು ವರ್ಷ. ಹೋದ ವಾರ ರಾತ್ರಿ ಪಾಳಿಗೆ ಮತ್ತೆ ಮೇಲ್ ಹಾಕಬೇಕಾಗಿ ಬಂತು. ವಿಚ್ಚೂ ಬೇಡ ದಟ್ಟೂ ಬೇಡ ಅಂತ ಬರೆದೆ: "ಯಾವ ಸರ್ವರ್ ಕೆಂಪು ತೋರಿಸ್ತಿದೆಯೋ ಆ ಸರ್ವರ್ ಮಾತ್ರ". ಪಾಳಿಯಲ್ಲಿದ್ದವನು ಗುಲ್ಬರ್ಗದ ಹುಡುಗ. "ಆತ್ರೀ" ಅಂತ ಒಂದೇ ಪದದ ಉತ್ತರ ಬಂತು.